ಪ್ಯಾಚ್ ಯಾವಾಗ ಮುಗಿಯುತ್ತೆ ಮೇಡಂ?

ಪ್ರಶ್ನೆ: ಮೇಡಂ, ನನ್ನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಹಳೆಯ ಜಪಾನಿ ವಿಡಿಯೋ ಗೇಮ್ ಒಂದನ್ನು ಇಂಗ್ಲಿಷಿಗೆ ತರುವ ಗುಂಪಿಗೆ ಸೇರಿಕೊಂಡಿದ್ದಾನೆ. ಇವನು ಸೇರುವುದಕ್ಕೂ ಎಷ್ಟೋ ವರ್ಷ ಮೊದಲೇ ಶುರುವಾದ ಕೆಲಸವಂತೆ, ಇನ್ನೂ ಮುಗಿದಿಲ್ಲ. ಸಂಬಳ ಇಲ್ಲ. ಆಟದಲ್ಲಿರುವ ನಾಲ್ಕು ಮಾತು ಬರೆಯೋಕೆ ಇಷ್ಟು ವರ್ಷ ಬೇಕಾ? (ದಾವಣಗೆರೆಯ ಒಬ್ಬ ತಂದೆ)

ಉತ್ತರ: ಬೇಕು ಸರ್. ಮತ್ತೆ ಅದು ನಾಲ್ಕು ಮಾತಲ್ಲ. ಇಂಥ ಕಥೆಯಾಟಗಳಲ್ಲಿ ಒಂದು ದಪ್ಪ ಕಾದಂಬರಿಯಷ್ಟು ಮಾತಿರುತ್ತದೆ.

‘ಮದರ್ 3’ ಅಂತ ಒಂದು ಆಟ ಇದೆ. ಶಿಗೆಸಾಟೊ ಇಟೊಯಿ ಬರೆದದ್ದು. ಆಟದ ಕಂಪನಿ ನಿಂಟೆಂಡೊ 2006ರಲ್ಲಿ, ಕೈಯಲ್ಲಿ ಹಿಡಿದು ಆಡುವ ತನ್ನ ಯಂತ್ರ ಗೇಮ್ ಬಾಯ್ ಅಡ್ವಾನ್ಸ್‌ಗೆ ಜಪಾನಿನಲ್ಲಿ ಮಾತ್ರ ಬಿಟ್ಟಿತು. ಹೊರಗಿನವರು ಕಾದರು, ಇಂಗ್ಲಿಷಿನಲ್ಲಿ ಬರಲಿಲ್ಲ. ಕೊನೆಗೆ ಕ್ಲೈಡ್ ಮ್ಯಾಂಡೆಲಿನ್ ಅವರ ಜೊತೆ ಹತ್ತು ಹನ್ನೆರಡು ಅಭಿಮಾನಿಗಳು ಕೂತು 2008ರ ಅಕ್ಟೋಬರಿನಲ್ಲಿ ಇಂಗ್ಲಿಷ್ ಪ್ಯಾಚ್, ಅಂದರೆ ಮೂಲ ಆಟದ ಮೇಲೆ ಹಾಕಿದರೆ ಮಾತು ಇಂಗ್ಲಿಷಿಗೆ ಬದಲಾಗುವ ಪುಟ್ಟ ಫೈಲ್, ಹೊರತಂದರು. ಮೊದಲ ವಾರದಲ್ಲೇ ಲಕ್ಷಕ್ಕೂ ಹೆಚ್ಚು ಡೌನ್‌ಲೋಡ್! ಮ್ಯಾಂಡೆಲಿನ್ ಹೊಟ್ಟೆಪಾಡಿಗೂ ಅನುವಾದವನ್ನೇ ಮಾಡುವವರು, ಆದರೂ ಸುಮಾರು ಎರಡು ವರ್ಷ ಹಿಡಿಯಿತು. ಈ ಲೋಕದಲ್ಲಿ ಅದು ಬೇಗ ಅಂತಲೇ ಲೆಕ್ಕ.

ತಡವಾದದ್ದು ನೋಡಬೇಕಾದರೆ ‘ಬಹಾಮುಟ್ ಲಗೂನ್’ ಇದೆ, ಸ್ಕ್ವೇರ್ ಕಂಪನಿಯ 1996ರ ಆಟ. ನಿಯರ್ ಎಂಬ ಹೆಸರಿನ ಪ್ರೋಗ್ರಾಮರ್ ಹದಿಹರೆಯದಲ್ಲಿ ಕೈಹಾಕಿದ ಅನುವಾದ ಮುಗಿದದ್ದು 2021ರಲ್ಲಿ. ನಡುವೆ ಬೇರೆಯವರ ಇಂಗ್ಲಿಷ್ ಪ್ಯಾಚ್ ಬಂದಾಗಿತ್ತು, ಆದರೂ ಬಿಡಲಿಲ್ಲ. ಆ ದಾರಿಯಲ್ಲೇ ಬಿಎಸ್‌ನೆಸ್ ಎಂಬ ಎಮ್ಯುಲೇಟರ್ (ಹಳೆಯ ಆಟದ ಯಂತ್ರದ ಹಾಗೆ ನಡೆದುಕೊಳ್ಳುವ ಪ್ರೋಗ್ರಾಮ್) ಕೂಡ ಬರೆದರು, ಹಳೆಯ ಆಟಗಳನ್ನು ಕಂಪ್ಯೂಟರಿನಲ್ಲಿ ಕರಾರುವಾಕ್ಕಾಗಿ ಓಡಿಸುವವರಲ್ಲಿ ಅದಕ್ಕೆ ದೊಡ್ಡ ಹೆಸರಿದೆ.

ತಡ ಆಗುವುದು ಯಾಕೆಂದರೆ, ಆ ಆಟ ಮಾಡಿದವರು ಇನ್ನೊಂದು ಭಾಷೆ ಬರುತ್ತದೆ ಅಂತ ಅಂದುಕೊಂಡೇ ಇರಲಿಲ್ಲ. ಜಪಾನಿ ಅಕ್ಷರಗಳೆಲ್ಲ ಒಂದೇ ಅಗಲದ ಚೌಕದಲ್ಲಿ ಕೂರುತ್ತವೆ. ಇಂಗ್ಲಿಷಿನ ಐ ಸಣ್ಣದು, ಎಂ ಅಗಲ, ಅದೇ ಚೌಕಕ್ಕೆ ಹಾಕಿದರೆ ಹಲ್ಲುದುರಿದ ಹಾಗೆ ಕಾಣುತ್ತದೆ. ಹಾಗಾಗಿ ಅಕ್ಷರ ಬರೆಯುವ ಪ್ರೋಗ್ರಾಮನ್ನೇ ಹೊಸದಾಗಿ ಬರೆದು, ಮೂಲ ಕೋಡ್ ಕೈಯಲ್ಲಿ ಇಲ್ಲದೆಯೇ, ಆಟದೊಳಗೆ ತೂರಿಸಬೇಕು. ಆಮೇಲೆ ಪಾಯಿಂಟರ್‌ಗಳು, ಅಂದರೆ ಯಾವ ಮಾತು ಮೆಮೊರಿಯಲ್ಲಿ ಎಲ್ಲಿ ಶುರುವಾಗುತ್ತದೆ ಅನ್ನುವ ಪಟ್ಟಿ. ಮದುವೆ ಊಟದ ಪಂಕ್ತಿಯಲ್ಲಿ ನಡುವೆ ಒಬ್ಬರನ್ನು ತುರುಕಿದರೆ ಕೊನೆಯವರೆಗೂ ಎಲ್ಲರೂ ಸರಿಯಬೇಕಲ್ವಾ, ಹಾಗೆ ಒಂದು ಸಾಲು ಉದ್ದವಾದರೆ ಮುಂದಿನ ವಿಳಾಸಗಳೆಲ್ಲ ಬದಲಾಗುತ್ತವೆ. ಜಪಾನಿಯಲ್ಲಿ ಎರಡೇ ಅಕ್ಷರಕ್ಕೆ ಮುಗಿಯುವ ಕತ್ತಿಯ ಹೆಸರು ಇಂಗ್ಲಿಷಿನಲ್ಲಿ ಎಂಟು ಹತ್ತು ಅಕ್ಷರ ಆಗಿ ಮೆನುವಿನ ಗೆರೆ ದಾಟಿ ಹೊರಬರುತ್ತದೆ.

ಇಷ್ಟೆಲ್ಲ ಆದ ಮೇಲೆ ಆಡಿ ನೋಡಬೇಕು, ಮೊದಲಿಂದ ಕೊನೆವರೆಗೆ, ಯಾರೂ ಹೋಗದ ಮೂಲೆಯ ಮನೆಯಲ್ಲಿರುವ ಮುದುಕಿಯನ್ನೂ ಮಾತನಾಡಿಸಿ. ಗುಂಪುಗಳು ಒಡೆಯುವುದು ಇಲ್ಲಿಯೇ ಅಂತ ನನ್ನ ಅನಿಸಿಕೆ. ಅನುವಾದದ ಖುಷಿ ಮುಗಿದಿರುತ್ತದೆ, ಬೋರು ಹೊಡೆಸುವ ಕೆಲಸ ಮಾತ್ರ ಉಳಿದಿರುತ್ತದೆ. ಮಗನನ್ನು ‘ಯಾವಾಗ ಮುಗಿಯುತ್ತೆ’ ಅಂತ ಕೇಳಬೇಡಿ. ‘ಟೆಸ್ಟಿಂಗ್ ಶುರುವಾಯ್ತಾ’ ಅಂತ ಕೇಳಿ, ಅವನೇ ಒಂದು ಗಂಟೆ ಮಾತಾಡುತ್ತಾನೆ. ಪರೀಕ್ಷೆ ಸಮಯದಲ್ಲಿ ಮಾತ್ರ ಸ್ವಲ್ಪ ಗದರಿಸಿ, ತಪ್ಪಿಲ್ಲ.

ಪ್ರಶ್ನೆ: ಇಂಥ ಪ್ಯಾಚ್ ಮಾಡೋದು ಕಾನೂನಿಗೆ ವಿರುದ್ಧ ಅಲ್ವಾ? (ಮಂಗಳೂರು)

ಉತ್ತರ: ಅನುವಾದದ ಹಕ್ಕು ಕೃತಿಯ ಒಡೆಯರದ್ದು, ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದದಲ್ಲೇ ಅದು ಇದೆ. ಪ್ಯಾಚಿನಲ್ಲಿ ಆಟ ಇರುವುದಿಲ್ಲ, ಬದಲಾದ ಭಾಗ ಮಾತ್ರ ಇರುತ್ತದೆ ನಿಜ, ಆದರೆ ಅದನ್ನು ಅನುಮತಿ ಅಂದುಕೊಳ್ಳಬೇಡಿ. ಎಷ್ಟೋ ಕಂಪನಿಗಳು ಸುಮ್ನೆ ಇರುತ್ತವೆ, ಕೆಲವು ಇರುವುದಿಲ್ಲ. ‘ಫೈನಲ್ ಫ್ಯಾಂಟಸಿ ಟೈಪ್-0’ ಆಟದ ಅಭಿಮಾನಿ ಅನುವಾದ 2014ರಲ್ಲಿ ಬಂದು, ಸ್ಕ್ವೇರ್ ಎನಿಕ್ಸ್ ತಕರಾರು ಎತ್ತಿದ ಮೇಲೆ ಕೆಳಗಿಳಿಯಿತು. ಮರುವರ್ಷ ಕಂಪನಿಯೇ ಆ ಆಟವನ್ನು ಇಂಗ್ಲಿಷಿನಲ್ಲಿ ಬಿಟ್ಟಿತು. ಮ್ಯಾಂಡೆಲಿನ್ ತಮ್ಮ ಅನುವಾದವನ್ನು ಪುಕ್ಕಟೆ ಕೊಡುತ್ತೇನೆ ಅಂತ ನಿಂಟೆಂಡೊಗೆ ಹೇಳಿದ್ದರು. ಕಂಪನಿ ತೆಗೆದುಕೊಳ್ಳಲಿಲ್ಲ. 2024ರಲ್ಲಿ ‘ಮದರ್ 3’ ನಿಂಟೆಂಡೊದ ಇನ್ನೊಂದು ಆಟದ ಯಂತ್ರ ಸ್ವಿಚ್‌ಗೆ ಬಂದಾಗಲೂ ಜಪಾನಿಗೆ ಮಾತ್ರ. ನೀವೇನು ಮಾಡಿದರೂ ದುಡ್ಡಿಗೆ ಮಾರಬೇಡಿ, ಆಟದ ಪೂರ್ತಿ ಫೈಲ್ ಹಂಚಬೇಡಿ.

ಪ್ರಶ್ನೆ: ಕನ್ನಡಕ್ಕೆ ತರಬಹುದಾ? ನಾವು ಮೂವರು ಗೆಳೆಯರು ರೆಡಿ ಇದ್ದೇವೆ. (ಹಾಸನ)

ಉತ್ತರ: ತರಬಹುದು, ಆದರೆ ಹಳೆಯ ಕಾರ್ಟ್ರಿಜ್ ಆಟದಿಂದ ಶುರು ಮಾಡಬೇಡಿ. ಆ ಯಂತ್ರಗಳಿಗೆ ಅಕ್ಷರ ಅಂದರೆ ಒಂದು ಪುಟ್ಟ ಚಿತ್ರ ಅಷ್ಟೇ. ನಮ್ಮ ಕಾಗುಣಿತ, ಒತ್ತಕ್ಷರ ಎಲ್ಲ ನೀವೇ ಬರೆದು, ಯಾವುದರ ಕೆಳಗೆ ಯಾವುದು ಅಂತ ನೀವೇ ಕೂರಿಸಬೇಕು. ಗೇಮ್ ಬಾಯ್ ಅಡ್ವಾನ್ಸ್ ಪರದೆ 240 ಅಡ್ಡ, 160 ಉದ್ದ ಪಿಕ್ಸೆಲ್, ಒತ್ತು ಬಂದರೆ ಸಾಲುಗಳ ನಡುವೆ ಜಾಗವೇ ಸಾಲದು. ಯೂನಿಕೋಡ್ (ಕನ್ನಡವೂ ಸೇರಿ ಎಲ್ಲ ಭಾಷೆಯ ಅಕ್ಷರಗಳಿಗೆ ಸಂಖ್ಯೆ ಕೊಡುವ ಪದ್ಧತಿ) ಗೊತ್ತಿರುವ, ಮಾತು ಕಡಿಮೆ ಇರುವ ಹೊಸ ಪಿಸಿ ಆಟ ಹುಡುಕಿ, ಮಾಡಿದವರಿಗೆ ಮೇಲ್ ಹಾಕಿ ಒಪ್ಪಿಗೆ ಕೇಳಿ. ಒಪ್ಪಿದರೆ ಅನುವಾದ ಶುರು ಮಾಡುವ ಮೊದಲೇ ಲಕ್ಷ್ಮಿ, ರಾಷ್ಟ್ರ, ಶಾಸ್ತ್ರಿ ಅಂತ ಮೂರು ಪದ ಆಟದೊಳಗೆ ಹಾಕಿ ನೋಡಿ. ಒತ್ತು ಒಡೆದು ಪಕ್ಕದಲ್ಲಿ ಬಿದ್ದರೆ ಬೇರೆ ಆಟ ಹುಡುಕಿ.