ಓದುಗರ ಪ್ರಶ್ನೆ: ಕಾಲೇಜು ಸೇರುವ ಮುನ್ನ ‘ನಾಳೆ ಮಾಡೋಣ’ ಎಂಬ ಚಾಳಿ

ಪ್ರಶ್ನೆ: ನಾನು ಈ ವರ್ಷ ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿ ತೇರ್ಗಡೆಯಾಗಿದ್ದೇನೆ. ಸಿಇಟಿ ಬರೆದಿದ್ದು, ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದುವ ಆಸೆಯಿದೆ. ಆದರೆ ಎಲ್ಲವನ್ನೂ ನಾಳೆಗೆ ತಳ್ಳುವ ಚಾಳಿ ಅಂಟಿಕೊಂಡಿದೆ. ಕಲ್ಯಾಣ ಕರ್ನಾಟಕದ ಸ್ಥಳೀಯರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರಕ್ಕೆ ಇನ್ನೂ ಅರ್ಜಿ ಹಾಕಿಲ್ಲ. ರಜೆಯಲ್ಲಿ ಓದಬೇಕೆಂದು ಎತ್ತಿಟ್ಟ ಗಣಿತದ ಪುಸ್ತಕವನ್ನು ತೆರೆದೇ ಇಲ್ಲ. ಪಿಯು ಕಾಲೇಜಿನಲ್ಲಿ ಉಪನ್ಯಾಸಕರು ಬೆನ್ನು ಹತ್ತಿ ಓದಿಸುತ್ತಿದ್ದರು. ಮುಂದೆ ಹಾಸ್ಟೆಲಿನಲ್ಲಿ ಹೇಳುವವರು ಕೇಳುವವರು ಯಾರೂ ಇರುವುದಿಲ್ಲ. ಮನೆಯಲ್ಲಿ ಈಗಲೇ ‘ಮೈಗಳ್ಳಿ’ ಎನ್ನುತ್ತಾರೆ. ಏನು ಮಾಡಲಿ?
– ಓರ್ವ ವಿದ್ಯಾರ್ಥಿನಿ, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಮೈಗಳ್ಳರಿಗೆ ಮಾಡದೆ ಉಳಿದ ಕೆಲಸದ ಚಿಂತೆ ಇರುವುದಿಲ್ಲ. ನಿಮಗೆ ಆ ಚಿಂತೆ ಪತ್ರ ಬರೆಯುವಷ್ಟು ಕಾಡಿದೆ. ಆದ್ದರಿಂದ ಮನೆಯವರ ಮಾತನ್ನು ನಾನು ಒಪ್ಪುವುದಿಲ್ಲ. ಅರ್ಜಿ ಹಾಕಲು ಹೋದರೆ ಯಾವುದೋ ದಾಖಲೆ ಇಲ್ಲವೆಂದು ವಾಪಸು ಕಳಿಸಿಯಾರೆಂಬ ಅಳುಕು, ಪುಸ್ತಕ ತೆರೆದರೆ ಕಲಿತದ್ದೆಲ್ಲ ಮರೆತುಹೋಗಿರುವುದು ಗೊತ್ತಾದೀತೆಂಬ ಭಯ, ಇವುಗಳಿಂದ ತಪ್ಪಿಸಿಕೊಳ್ಳಲು ಮನಸ್ಸು ಮೊಬೈಲಿನ ಕಡೆಗೆ ವಾಲುತ್ತದೆ. ಕೂಡಲೇ ಎದೆ ಹಗುರಾಗುತ್ತದೆ, ಆ ಹಗುರಾಗುವಿಕೆಯ ರುಚಿಯೇ ಚಾಳಿಯನ್ನು ಗಟ್ಟಿಮಾಡುತ್ತದೆ. ಬಣ್ಣಬಣ್ಣದ ಪೆನ್ನಿನಲ್ಲಿ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸುವುದರಿಂದ ಇದು ವಾಸಿಯಾಗುವುದಿಲ್ಲ. ಎಷ್ಟೋ ಸಲ ವೇಳಾಪಟ್ಟಿ ಬರೆಯುವುದೂ ಮುಂದೂಡುವ ಇನ್ನೊಂದು ಉಪಾಯವೇ ಆಗಿರುತ್ತದೆ.

ಗಣಿತವನ್ನು ಸದ್ಯ ಬದಿಗಿಟ್ಟು ಮೊದಲು ಪ್ರಮಾಣಪತ್ರವನ್ನು ಕೈಗೆತ್ತಿಕೊಳ್ಳಿ. ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ. 70ರಷ್ಟು ಮೀಸಲಾತಿ ಇದ್ದು, ಅದನ್ನು ಪಡೆಯಲು ಸಹಾಯಕ ಆಯುಕ್ತರು ನೀಡುವ ಈ ಪತ್ರ ಕೈಯಲ್ಲಿರಬೇಕು. ನಮ್ಮ ಭಾಗದಲ್ಲಿ ಬಿಸಿಲಿನ ಕಾರಣಕ್ಕೆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಯುವುದು ನಿಮಗೆ ತಿಳಿದೇ ಇದೆ. ಊಟ ಮಾಡಿಕೊಂಡು ಹೋದರಾಯಿತು ಎಂದುಕೊಂಡವರಿಗೆ ಅಂದಿನ ದಿನ ಅಲ್ಲಿಗೇ ಮುಗಿದಂತೆ. ಆದುದರಿಂದ ‘ಈ ವಾರ ಅರ್ಜಿ ಹಾಕುತ್ತೇನೆ’ ಎಂದು ಬರೆದುಕೊಳ್ಳಬೇಡಿ. ‘ನಾಳೆ ಬೆಳಿಗ್ಗೆ ಚಹಾ ಕುಡಿದ ಕೂಡಲೇ ಅಂಕಪಟ್ಟಿ, ಆಧಾರ್, ಶಾಲೆಯ ದಾಖಲೆಗಳನ್ನು ಒಂದು ಫೈಲಿಗೆ ಹಾಕುತ್ತೇನೆ’ ಎಂದು ಬರೆದುಕೊಳ್ಳಿ. ಅಂದಿನ ಕೆಲಸ ಅಷ್ಟೇ. ಮರುದಿನ ಅದೇ ಹೊತ್ತಿಗೆ, ಇನ್ನೇನು ದಾಖಲೆ ಬೇಕೆಂದು ವಿಚಾರಿಸಿ ಬನ್ನಿ.

ಗಳಿಗೆ ಮತ್ತು ಜಾಗವನ್ನು ಹೀಗೆ ಮೊದಲೇ ಗೊತ್ತುಮಾಡುವುದರಿಂದ ಆಗುವ ವ್ಯತ್ಯಾಸವನ್ನು ಮನೋವಿಜ್ಞಾನಿಗಳು ಪರೀಕ್ಷಿಸಿದ್ದಾರೆ. 1997ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನದಲ್ಲಿ, ಕ್ರಿಸ್‌ಮಸ್ ರಜೆಯಲ್ಲಿ ಒಂದು ವರದಿಯನ್ನು ಬರೆದು ಕಳಿಸುವಂತೆ ವಿದ್ಯಾರ್ಥಿಗಳಿಗೆ ಹೇಳಲಾಗಿತ್ತು. ಯಾವಾಗ, ಎಲ್ಲಿ ಕುಳಿತು ಬರೆಯುವೆವೆಂದು ಮೊದಲೇ ನಿಶ್ಚಯಿಸಿಕೊಂಡವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಅದನ್ನು ಪೂರೈಸಿದರೆ, ಉಳಿದವರಲ್ಲಿ ಮೂರನೇ ಒಂದು ಪಾಲು ಮಾತ್ರ ಪೂರೈಸಿದ್ದರು.

ಗಣಿತಕ್ಕೂ ಇದೇ ರೀತಿ ಸಾಕು. ಬಿಸಿಲೇರುವ ಮೊದಲು, ಮೊಬೈಲನ್ನು ಅವ್ವನ ಕೈಗೆ ಕೊಟ್ಟು, ಒಂದೇ ಒಂದು ಲೆಕ್ಕ ಮಾಡಿ. ಎದ್ದುಬಿಡಬೇಕೆನಿಸಿದರೆ ಏಳಿರಿ, ಬಹಳ ಸಲ ಎರಡನೆಯ ಲೆಕ್ಕಕ್ಕೆ ಕೈ ತಾನಾಗಿಯೇ ಹೋಗುತ್ತದೆ. ಒಂದು ದಿನ ತಪ್ಪಿತೆಂದು ನಿಮ್ಮನ್ನು ನೀವೇ ಹಳಿದುಕೊಳ್ಳುವುದೂ ಬೇಡ. ಕೆನಡಾದಲ್ಲಿ ಪ್ರಥಮ ವರ್ಷದ ವಿದ್ಯಾರ್ಥಿಗಳ ಬಗ್ಗೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಪರೀಕ್ಷೆಯ ಓದನ್ನು ಮುಂದೂಡಿದ್ದಕ್ಕೆ ತಮ್ಮನ್ನು ಕ್ಷಮಿಸಿಕೊಂಡವರು ಎರಡನೆಯ ಪರೀಕ್ಷೆಗೆ ಓದುವಾಗ ಕಡಿಮೆ ಮುಂದೂಡಿದ್ದು ಕಂಡುಬಂದಿದೆ. ಇದನ್ನು ಮನೆಯವರಿಗೂ ಓದಿ ಹೇಳಿ.

ಇನ್ನು ಕಾಲೇಜಿನ ಮಾತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಅರ್ಧದಷ್ಟು ಅಂಕಗಳು ಸೆಮಿಸ್ಟರಿನ ಉದ್ದಕ್ಕೂ ನಡೆಯುವ ಆಂತರಿಕ ಮೌಲ್ಯಮಾಪನಕ್ಕೆ ಮೀಸಲಾಗಿವೆ. ಪಿಯುಸಿಯಂತೆ ಕೊನೆಯ ತಿಂಗಳು ನಿದ್ದೆಗೆಟ್ಟು ಓದಿದರೆ ಆ ಅಂಕಗಳು ಮರಳಿ ಬರುವುದಿಲ್ಲ. ಸೇರಿದ ಮೊದಲ ವಾರವೇ ಸೀನಿಯರ್‌ಗಳಿಂದ ಟೆಸ್ಟ್‌ಗಳು ಯಾವಾಗ ಬರುತ್ತವೆಂದು ಕೇಳಿ ತಿಳಿದುಕೊಳ್ಳಿ. ಲ್ಯಾಬ್ ರೆಕಾರ್ಡನ್ನಂತೂ ಪ್ರಯೋಗ ಮಾಡಿದ ದಿನ ಸಂಜೆಯೇ, ಹಾಸ್ಟೆಲಿನ ಊಟದ ಗಂಟೆ ಬಾರಿಸುವುದರೊಳಗೆ ಬರೆದು ಮುಗಿಸಿ.