ಸೂಜಿ ಚುಚ್ಚಿದ ಹಾಗಿನ ತಲೆನೋವು

ಮೂಡಿಗೆರೆಯವರೇ, ಕಾಫಿ ಕೊಯ್ಲಿನ ಮಧ್ಯೆ ಬಲಗಣ್ಣಿನ ಮೇಲೆ ದಬ್ಬಳ ಚುಚ್ಚಿದ ಹಾಗಾಗಿ ಎರಡು ಮೂರು ಸೆಕೆಂಡಲ್ಲಿ ಮಾಯವಾಗುತ್ತೆ, ಗಡ್ಡೆ ಇರಬಹುದಾ ಅಂತ ಕೇಳಿದ್ದೀರಿ. ನನಗೂ ಇದೆ ಈ ಕಾಟ. ಮೊದಲ ಸಲ ಬಂದಾಗ ಕೈಯಲ್ಲಿದ್ದ ಕಾಫಿ ಲೋಟ ಜಾರಿ ಬಿತ್ತು. ಬಗ್ಗಿ ಚೂರು ಆರಿಸುವಷ್ಟರಲ್ಲಿ ನೋವೇ ಇಲ್ಲ!

ಇದಕ್ಕೆ ಐಸ್ ಪಿಕ್ (ಮಂಜುಗಡ್ಡೆ ಒಡೆಯುವ ಚೂಪು ಸಲಾಕೆ) ತಲೆನೋವು ಅಂತಾರೆ. ಮೈಗ್ರೇನ್ ಇರುವವರಲ್ಲಿ ಜಾಸ್ತಿ. ಹೆಚ್ಚಿನವರಿಗೆ ಒಳಗೆ ಏನೂ ದೋಷ ಇರುವುದಿಲ್ಲ. ಮಾತ್ರೆ ಕರಗುವ ಮೊದಲೇ ನೋವು ಹೋಗಿರುತ್ತೆ, ಸುಮ್ನೆ ನುಂಗಬೇಡಿ. ಪದೇ ಪದೇ ಬಂದರೆ ಡಾಕ್ಟರ್ ಇಂಡೋಮೆಥಾಸಿನ್ ಅನ್ನೋ ನೋವಿನ ಮಾತ್ರೆ ಕೊಡುವುದುಂಟು. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇದ್ದವರಿಗೆ ಅದು ಆಗಿಬರುವುದಿಲ್ಲ, ಅಂಗಡಿಯಲ್ಲಿ ಕೇಳಿ ತಗೋಬೇಡಿ.

ಆದರೆ ನಿಮಗೆ ಯಾವಾಗಲೂ ಅದೇ ಜಾಗಕ್ಕೆ ಚುಚ್ಚುತ್ತೆ ಅಲ್ವಾ? ಹಾಗಿದ್ದರೆ ಹಾಸನಕ್ಕೆ ಹೋಗಿ ನರರೋಗ ತಜ್ಞರಿಗೆ ಒಮ್ಮೆ ತೋರಿಸಿ. ಸ್ಕ್ಯಾನ್ ಬೇಕಾ ಅಂತ ಅವರೇ ಹೇಳಲಿ. ಮುಖ ತೊಳೆಯುವಾಗ, ಹಲ್ಲುಜ್ಜುವಾಗ ಕೆನ್ನೆಗೆ ಕರೆಂಟ್ ಹೊಡೆದಂತಾದರೆ ಅದು ಮುಖದ ನರದ ನೋವು, ಬೇರೆ ಕಥೆ. 50 ದಾಟಿದವರಿಗೆ ಹೊಸದಾಗಿ ತಲೆನೋವು ಶುರುವಾಗಿ, ಅಗಿಯುವಾಗ ದವಡೆ ನೋವು ಬಂದರೆ ತಡ ಮಾಡಬಾರದು, ಕಣ್ಣಿಗೇ ಅಪಾಯ.

ಇನ್ನು ಒಂದೇ ನಿಮಿಷದಲ್ಲಿ ಸಿಡಿಲಿನ ಹಾಗೆ ಏರಿ ನಿಂತ ನೋವು, ಮಾತು ತೊದಲುವುದು, ಜ್ವರದ ಜೊತೆ ಕತ್ತು ಬಿಗಿಯುವುದು, ಇವಕ್ಕೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ.