ಈ ವಯಸ್ಸಿನಲ್ಲಿ ಕೀಬೋರ್ಡ್ ಕಲಿಯಬಹುದೇ?

ಪ್ರಶ್ನೆ: ಅಕ್ಕಾ, ನನಗೆ 67 ವರ್ಷ. ಇತ್ತೀಚೆಗೆ ಪರಿಚಯದವರ ಹೆಸರೂ ಥಟ್ಟನೆ ನೆನಪಿಗೆ ಬರುವುದಿಲ್ಲ. ಬೈಬಲಿನ ಬಾಯಿಪಾಠವಾದ ಕೀರ್ತನೆ ಓದುವಾಗ ಮನಸ್ಸು ಎಲ್ಲೋ ಹೋಗಿರುತ್ತದೆ. ಕೀಬೋರ್ಡ್ ಕಲಿತು ಆರಾಧನೆಯ ಹಾಡು ನುಡಿಸುವ ಆಸೆಯಿದೆ. ಮಕ್ಕಳು "ಈಗ ಅದೆಲ್ಲ ಯಾಕೆ, ಸುಮ್ನೆ ಪ್ರಾರ್ಥನೆ ಮಾಡಿಕೊಂಡಿರಿ" ಅನ್ನುತ್ತಾರೆ. ನನ್ನ ನಂಬಿಕೆಯೇ ಸಡಿಲವಾಗಿದೆಯೇ?

ಉತ್ತರ: ಇಲ್ಲಮ್ಮ. ಮರೆವು ಮೆದುಳಿನ ಸಂಗತಿ, ಅದನ್ನು ನಂಬಿಕೆಯ ಲೆಕ್ಕಕ್ಕೆ ಬರೆದುಕೊಳ್ಳಬೇಡಿ. ವಯಸ್ಸಾದಂತೆ ಹೆಸರು ತಡವಾಗಿ ಹೊಳೆಯುವುದು ಸಾಮಾನ್ಯ. ಆದರೆ ಗೊತ್ತಿರುವ ದಾರಿಯೇ ತಪ್ಪುತ್ತಿದ್ದರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರೆ ಡಾಕ್ಟರನ್ನು ನೋಡಿ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಯಿಂದಲೂ ಮರೆವು ಬರುತ್ತದೆ. ಇವಕ್ಕೆ ಔಷಧಿ ಇದೆ.

ಕೀಬೋರ್ಡ್ ಖಂಡಿತ ಕಲಿಯಿರಿ. ಡೆನಿಸ್ ಪಾರ್ಕ್ ಎಂಬ ವಿಜ್ಞಾನಿಯ ತಂಡ ಅಮೆರಿಕದಲ್ಲಿ ನಡೆಸಿದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. 60ರಿಂದ 90 ವರ್ಷದವರು ವಾರಕ್ಕೆ ಸುಮಾರು 15 ಗಂಟೆಯಂತೆ ಮೂರು ತಿಂಗಳು ಡಿಜಿಟಲ್ ಫೋಟೋಗ್ರಫಿ, ಕೌದಿ ಹೊಲಿಗೆ ಕಲಿತರು. ಇನ್ನೊಂದು ಗುಂಪು ಸುಮ್ನೆ ಒಟ್ಟಿಗೆ ಸೇರಿ ಆಟವಾಡಿತು, ಸುತ್ತಾಡಿತು. ಹೊಸದನ್ನು ಕಲಿತವರ ನೆನಪು, ಅದರಲ್ಲೂ ಫೋಟೋಗ್ರಫಿ ಕಲಿತವರದು, ಜಾಸ್ತಿ ಸುಧಾರಿಸಿತ್ತು. ಕಷ್ಟಪಟ್ಟು ಕಲಿಯುವಾಗ ಮೆದುಳಿನ ನರಕೋಶಗಳ ನಡುವಿನ ಸಂಪರ್ಕ ಬಲವಾಗುತ್ತದೆ, ಮುಪ್ಪಿನಲ್ಲೂ. ಮರೆವಿನ ಕಾಯಿಲೆ ಬರುವುದೇ ಇಲ್ಲ ಎಂದು ಇದರಿಂದ ಯಾರೂ ಮಾತು ಕೊಡಲಾರರು. ಬಂದರೂ ಎದುರಿಸಲು ಒಂದಿಷ್ಟು ಬಲ ಕೂಡಿಟ್ಟಂತಾಗುತ್ತದೆ, ಅಷ್ಟೆ. ನನಗೆ ಅಷ್ಟೇ ಸಾಕೆನಿಸುತ್ತದೆ.

ನಾನೂ ನಿವೃತ್ತಿಯಾದ ಮೇಲೆಯೇ ಸ್ವರಲಿಪಿ ಓದಲು ಕಲಿತವಳು. ಚಿಕ್ಕಂದಿನಿಂದ ಹಾಡಿದ ಹಾಡು, ನಿದ್ದೆಯಲ್ಲೂ ಬರುತ್ತಿತ್ತು. ಕೀಬೋರ್ಡಿನ ಮುಂದೆ ಕೂತರೆ ಬಲಗೈ ಓಡುತ್ತಿತ್ತು, ಎಡಗೈ ನಿಂತೇಬಿಡುತ್ತಿತ್ತು. ಹಾಗಾಗಿ ಎಡಗೈ ಸ್ವರಗಳನ್ನು ಬೇರೆಯಾಗಿ, ನಿಧಾನವಾಗಿ ನುಡಿಸಿದೆ. ಸಾಲಿನ ಕೊನೆಗೆ ರಾಗ ಒಂದೇ ಸ್ವರದಲ್ಲಿ ನಿಂತಿರುವಾಗ ಕೆಳಗಿನ ಸ್ವರ ಮೆಲ್ಲನೆ ಇಳಿಯುತ್ತಿತ್ತು. ಅದನ್ನು ನಾನು ಅದುವರೆಗೆ ಕೇಳಿಸಿಕೊಂಡೇ ಇರಲಿಲ್ಲ! ಬೆರಳು ಮುಂದಿನ ಸ್ವರ ಹುಡುಕುವಷ್ಟು ಹೊತ್ತೂ "ನಿನ್ನ ಚಿತ್ತವೇ ಆಗಲಿ" ಎಂಬ ಮಾತು ಬಾಯಲ್ಲಿ ಉಳಿಯುತ್ತಿತ್ತು. ಓಡಿಸಿ ಹಾಡುವಾಗ ಆ ಮಾತು ನನ್ನನ್ನು ಏನೂ ಕೇಳುತ್ತಿರಲಿಲ್ಲ. ಈಗ ಕೇಳಿತು. ಅಂದಿನ ನನ್ನ ಪ್ರಾರ್ಥನೆ ಬೇರೆಯೇ ಆಗಿತ್ತು.

ನಿಮ್ಮ ಕೀರ್ತನೆ ಓದಿನಲ್ಲೂ ಇದೇ ಆಗಿರಬಹುದು, ಅಲ್ವಾ? ಬಾಯಿಪಾಠದ ಭಾಗವನ್ನು ನಾಲಿಗೆ ಓದುತ್ತದೆ, ಮನಸ್ಸಿಗೆ ಕೆಲಸವಿರುವುದಿಲ್ಲ. ಕೆಲವು ದಿನ ಬೈಬಲಿನಲ್ಲೇ ಇರುವ ಹಬಕ್ಕೂಕನ ಗ್ರಂಥ ಓದಿ. ಮೂರೇ ಅಧ್ಯಾಯ. ಎಷ್ಟು ಕಾಲ ಮೊರೆಯಿಡಲಿ ಎಂದು ದೇವರನ್ನೇ ಕೇಳುವ ಪ್ರವಾದಿ, ಅಂಜೂರದ ಮರ ಚಿಗುರದಿದ್ದರೂ ಕರ್ತನಲ್ಲಿ ಸಂತೋಷಪಡುವೆ ಎನ್ನುವಲ್ಲಿಗೆ ಬರುತ್ತಾನೆ. ನಡುವೆ ಏನಾಯಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ನಿಮ್ಮದೇ ಮಾತಲ್ಲಿ ಬರೆಯಿರಿ. ಅರ್ಥವಾಗದ ಕಡೆ ಪ್ರಶ್ನೆ ಬರೆದು ಸಭಾಪಾಲಕರನ್ನು ಕೇಳಿ.

ಮಕ್ಕಳಿಗೆ, ಅಪೊಸ್ತಲ ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ 4ನೇ ಅಧ್ಯಾಯ ತೋರಿಸಿ. ತಾನು ಹೊರಡುವ ಕಾಲ ಹತ್ತಿರವಾಯಿತು ಎಂದು ಬರೆದ ಪೌಲ, ಅದೇ ಪತ್ರದಲ್ಲಿ ತ್ರೋವ ಪಟ್ಟಣದಲ್ಲಿ ಬಿಟ್ಟುಬಂದ ಮೇಲಂಗಿಯ ಜೊತೆ ಪುಸ್ತಕಗಳನ್ನೂ ತಪ್ಪದೆ ತರಲು ಹೇಳುತ್ತಾನೆ. ಪ್ರಾರ್ಥನೆ ಮಾಡಿಕೊಂಡು ಸುಮ್ಮನಿರುತ್ತೇನೆ ಅನ್ನಲಿಲ್ಲ.

ಕಲಿಸುವವರು ನಿಮಗಿಂತ ಚಿಕ್ಕವರಾದರೆ ಸಂಕೋಚ ಬೇಡ. ದಿನಕ್ಕೆ ಅರ್ಧ ಗಂಟೆಯಿಂದ ಶುರುಮಾಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಹಾಡನ್ನೇ ಆರಿಸಿಕೊಳ್ಳಿ, ಮತ್ತು ಎಡಗೈಯನ್ನು ಮೊದಲ ವಾರದಿಂದಲೇ ಸೇರಿಸಿಕೊಳ್ಳಿ.